ಬಸಿರಿನ 40 ವಾರ: ಒಳಗೆ ಮಗು, ಹೊರಗೆ ತಾಯಿ, ಇಬ್ಬರಲ್ಲೂ ಯಾವಾಗ ಏನು ಬದಲಾಗುತ್ತದೆ

ಬಸಿರಿನ ತೊಂದರೆಗಳು ಎಲ್ಲರಿಗೂ ಬಾಯಿಪಾಠ. ವಾಂತಿ, ಎದೆಯುರಿ, ಸೊಂಟನೋವು, ಕಾಲಿನ ಬಾವು. ಮಗು ಬೆಳೆಯುವ ಚಿತ್ರಗಳು ಆಸ್ಪತ್ರೆಯ ಗೋಡೆಯ ಮೇಲೆ ಇರುತ್ತವೆ. ಇವೆರಡನ್ನೂ ಜೋಡಿಸಿ ಹೇಳುವವರು ಮಾತ್ರ ಕಡಿಮೆ. ತಾಯಿಗೆ ಏದುಸಿರು ಯಾಕೆ, ಹಿಮೋಗ್ಲೋಬಿನ್ ಇಳಿಯುವುದು ಯಾಕೆ, ಊಟವಾದ ಮೇಲೆ ಎದೆ ಉರಿಯುವುದು ಯಾಕೆ ಎಂದು ಕೇಳಿದರೆ ಉತ್ತರ ಬಹುತೇಕ ಮಗುವಿನ ಕಡೆಯೇ ಇರುತ್ತದೆ. ಆ ವಾರ ಮಗುವಿಗೆ ಏನು ಬೇಕೋ ಅದಕ್ಕೆ ತಕ್ಕಂತೆ ತಾಯಿಯ ದೇಹ ತನ್ನನ್ನು ಬದಲಿಸಿಕೊಳ್ಳುತ್ತಿರುತ್ತದೆ.

ಇದು ಗೊತ್ತಿದ್ದರೆ ಸುಮ್ನೆ ಹೆದರುವುದು ತಪ್ಪುತ್ತದೆ. ಜೊತೆಗೆ, ನಿಜವಾಗಿ ಹೆದರಬೇಕಾದ ಲಕ್ಷಣ ಕಂಡಾಗ "ಬಸಿರಲ್ಲಿ ಇದೆಲ್ಲ ಇದ್ದದ್ದೇ" ಎಂದು ಮನೆಯಲ್ಲೇ ಕೂರುವುದೂ ತಪ್ಪುತ್ತದೆ. ನನ್ನ ಪ್ರಕಾರ ಈ ಎರಡನೆಯದೇ ಹೆಚ್ಚು ಮುಖ್ಯ. ಅದಕ್ಕೇ ಇಲ್ಲಿ ಪ್ರತಿ ಹಂತದಲ್ಲೂ ಮಗುವಿನದು, ತಾಯಿಯದು, ಮಾಡಬೇಕಾದ ಕೆಲಸ, ಮೂರನ್ನೂ ಒಟ್ಟಿಗೆ ಹೇಳುತ್ತೇನೆ.

ಹಂತ 1: ಮೊದಲು ದಿನದ ಲೆಕ್ಕ ಸರಿ ಮಾಡಿಕೊಳ್ಳಿ

ಮನೆಯಲ್ಲಿ ತಿಂಗಳ ಲೆಕ್ಕ, ಆಸ್ಪತ್ರೆಯಲ್ಲಿ ವಾರದ ಲೆಕ್ಕ. ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. 40 ವಾರವನ್ನು ನಾಲ್ಕರಿಂದ ಭಾಗಿಸಿದರೆ ಹತ್ತು ತಿಂಗಳು. ಆದರೆ ಕ್ಯಾಲೆಂಡರಿನ ತಿಂಗಳಿಗೆ 30–31 ದಿನ ಇರುವುದರಿಂದ ಅದೇ 280 ದಿನ ಒಂಬತ್ತು ತಿಂಗಳು ಚಿಲ್ಲರೆ ಆಗುತ್ತದೆ. "ಒಂಬತ್ತು ತಿಂಗಳು ಒಂಬತ್ತು ದಿನ" ಎಂದು ನಮ್ಮ ಅಜ್ಜಿಯರು ಹೇಳುವುದು ಇದಕ್ಕೆ ತೀರಾ ಹತ್ತಿರ. ವೈದ್ಯರ ಲೆಕ್ಕ ಒಂಬತ್ತು ತಿಂಗಳು ಏಳು ದಿನ.

ಲೆಕ್ಕ ಹಾಕುವುದು ಸುಲಭ. ಕೊನೆಯ ಸಲ ಮುಟ್ಟಾದ ಮೊದಲ ದಿನ ಹಿಡಿಯಿರಿ. ಅದಕ್ಕೆ ಒಂಬತ್ತು ತಿಂಗಳು, ಮೇಲೆ ಏಳು ದಿನ ಸೇರಿಸಿ. ಜನವರಿ 10ಕ್ಕೆ ಮುಟ್ಟಾಗಿದ್ದರೆ ಹೆರಿಗೆಯ ಅಂದಾಜು ದಿನ ಅಕ್ಟೋಬರ್ 17. ನಿಜವಾಗಿ ಗರ್ಭ ಕಟ್ಟುವುದು ಮುಟ್ಟಾದ ಸುಮಾರು ಎರಡು ವಾರದ ನಂತರ. ಹಾಗಾಗಿ ಆರನೇ ವಾರ ಎಂದರೆ ಮಗು ಮೂಡಿ ನಾಲ್ಕೇ ವಾರ ಆಗಿರುತ್ತದೆ.

ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗದವರಿಗೆ ಈ ಲೆಕ್ಕ ಕೈಕೊಡುತ್ತದೆ. ಅವರು 12 ವಾರದೊಳಗೆ ಸ್ಕ್ಯಾನ್ ಮಾಡಿಸಿಕೊಂಡು ಅದರಲ್ಲಿ ಬಂದ ದಿನಾಂಕವನ್ನೇ ಕೊನೆಯವರೆಗೆ ಹಿಡಿದುಕೊಳ್ಳಬೇಕು. ಮೊದಲ ವಾರಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಸಮ ಬೆಳೆಯುತ್ತವೆ, ಆದ್ದರಿಂದ ಆ ಅಳತೆ ನಂಬಿಕಸ್ತ. ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ಬೇರೆ ದಿನಾಂಕ ಕಂಡರೆ ಹೆರಿಗೆಯ ದಿನ ಬದಲಾಯಿತು ಎಂದಲ್ಲ. ಮಗು ಸ್ವಲ್ಪ ದೊಡ್ಡದೋ ಸಣ್ಣದೋ ಇದೆ ಎಂದಷ್ಟೇ.

ಮುಟ್ಟು ತಪ್ಪಿದ ವಾರದಲ್ಲೇ ಮೂತ್ರ ಪರೀಕ್ಷೆ ಮಾಡಿಕೊಳ್ಳಬಹುದು. ಆಶಾ ಕಾರ್ಯಕರ್ತೆಯ ಬಳಿ 'ನಿಶ್ಚಯ್' ಕಿಟ್ ಉಚಿತವಾಗಿ ಸಿಗುತ್ತದೆ. ಗರ್ಭ ಖಚಿತವಾದ ಮೇಲೆ 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಖಾಸಗಿ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳುವವರೂ ಮಾಡಿಸಿಕೊಳ್ಳುವುದು ಒಳ್ಳೆಯದು. ಬಿ.ಪಿ., ತೂಕ, ರಕ್ತದ ಲೆಕ್ಕ ಎಲ್ಲ ಒಂದೇ ಕಡೆ ಇರುತ್ತದೆ. ಮಧ್ಯರಾತ್ರಿ ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಆ ಕಾರ್ಡೇ ನಿಮ್ಮ ಪರವಾಗಿ ಮಾತಾಡುತ್ತದೆ. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ಸಿಗುತ್ತದೆ. ಅದಕ್ಕೂ ನೋಂದಣಿ ಬೇಕು.

ಹಂತ 2: ಮೊದಲ 12 ವಾರ, ಹೊರಗೆ ಏನೂ ಕಾಣದ ಕಾಲ

ಹೊಟ್ಟೆ ಇನ್ನೂ ಮುಂದೆ ಬಂದಿರುವುದಿಲ್ಲ. ಆದರೆ ಮಗುವಿನ ಅತಿ ದೊಡ್ಡ ಕೆಲಸಗಳು ಆಗುವುದು ಇದೇ ಸಮಯದಲ್ಲಿ. ಮಿದುಳು ಮತ್ತು ಬೆನ್ನುಹುರಿಯಾಗುವ ನಳಿಗೆ ಆರನೇ ವಾರದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸಿರೆಂದೇ ಗೊತ್ತಿರುವುದಿಲ್ಲ. ಆ ನಳಿಗೆ ಸರಿಯಾಗಿ ಮುಚ್ಚಲು ಫೋಲಿಕ್ ಆಸಿಡ್ ಬೇಕು. ಅದಕ್ಕೇ ಮಗು ಬೇಕೆಂದುಕೊಂಡ ದಿನದಿಂದಲೇ, ಗರ್ಭ ಕಟ್ಟುವ ಮೊದಲೇ, ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ ಶುರು ಮಾಡಿ ಎನ್ನುತ್ತಾರೆ. ಇಡೀ ಬಸಿರಿನಲ್ಲಿ ತಪ್ಪಿಸಲೇಬಾರದ ಒಂದು ಕೆಲಸ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಮೊದಲ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದವರಿಗೆ, ಸಕ್ಕರೆ ಕಾಯಿಲೆ ಅಥವಾ ಮೂರ್ಛೆರೋಗದ ಮಾತ್ರೆ ಇರುವವರಿಗೆ ಇದಕ್ಕಿಂತ ಹೆಚ್ಚು ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಹೇಳಬೇಕು.

ಆರನೇ ವಾರದ ಆಸುಪಾಸಿನಲ್ಲಿ ಹೃದಯದ ಬಡಿತ ಸ್ಕ್ಯಾನಿನಲ್ಲಿ ಕಾಣತೊಡಗುತ್ತದೆ. ಎಂಟನೇ ವಾರಕ್ಕೆ ಮಗು ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಕೈಕಾಲಿನ ಮೊಳಕೆಗಳಲ್ಲಿ ಬೆರಳುಗಳು ಬಿಡಿಬಿಡಿಯಾಗುತ್ತಿರುತ್ತವೆ. 12ನೇ ವಾರಕ್ಕೆ ತಲೆಯಿಂದ ಕುಂಡಿಯವರೆಗೆ ಐದಾರು ಸೆಂಟಿಮೀಟರ್. ಮುಖ್ಯ ಅಂಗಗಳೆಲ್ಲ ತಮ್ಮ ಜಾಗದಲ್ಲಿ ಮೂಡಿಯಾಗಿರುತ್ತವೆ. ಇನ್ನು ಉಳಿದಿರುವುದು ಬೆಳೆಯುವುದು ಮತ್ತು ಪಳಗುವುದು. ಅಂಗ ಮೂಡುವ ಈ ವಾರಗಳಲ್ಲೇ ಔಷಧಿ, ಹೊಗೆ, ಮದ್ಯ ಹೆಚ್ಚು ಕೆಡುಕು ಮಾಡುತ್ತವೆ. ತಲೆನೋವಿಗೆ, ಮೊಡವೆಗೆ, ಮಂಡಿನೋವಿಗೆ ಎಂದು ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ನುಂಗಬೇಡಿ. ನಾಟಿ ಔಷಧಿಗೂ ಇದೇ ಮಾತು. ಹಾಗೆಂದು ಥೈರಾಯ್ಡ್, ಬಿ.ಪಿ., ಮೂರ್ಛೆರೋಗದ ಮಾತ್ರೆಗಳನ್ನು ನೀವೇ ನಿಲ್ಲಿಸಲೂಬೇಡಿ. ಕೂಡಲೇ ವೈದ್ಯರನ್ನು ಕಾಣಿ. ಬೇಕಿದ್ದರೆ ಅವರೇ ಬದಲಿಸುತ್ತಾರೆ.

ಈಗ ತಾಯಿಯ ಕಡೆ ನೋಡಿ. ಗರ್ಭ ನಿಲ್ಲುವಂತೆ ನೋಡಿಕೊಳ್ಳುವ ಎಚ್.ಸಿ.ಜಿ. ಹಾರ್ಮೋನು ಎಂಟರಿಂದ ಹತ್ತನೇ ವಾರದಲ್ಲಿ ತುತ್ತತುದಿಗೆ ಏರುತ್ತದೆ. ವಾಕರಿಕೆ ಜೋರಾಗುವುದೂ ಅದೇ ವಾರಗಳಲ್ಲಿ. ಸಾಮಾನ್ಯವಾಗಿ 14–16ನೇ ವಾರದ ಹೊತ್ತಿಗೆ ಕಡಿಮೆಯಾಗುತ್ತದೆ. ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಗರ್ಭಕೋಶ ಸಂಕುಚಿಸದಂತೆ ಅದನ್ನು ಸಡಿಲವಾಗಿ ಇಟ್ಟಿರುತ್ತದೆ. ಆದರೆ ಅದು ಗರ್ಭಕೋಶವನ್ನು ಮಾತ್ರ ಸಡಿಲಿಸಿ ಸುಮ್ಮನಾಗುವುದಿಲ್ಲ. ಕರುಳು ನಿಧಾನವಾಗುತ್ತದೆ, ಮಲಬದ್ಧತೆ ಬರುತ್ತದೆ. ಹೊಟ್ಟೆಯ ಮೇಲ್ಬಾಯಿ ಸಡಿಲವಾಗುತ್ತದೆ, ಹುಳಿತೇಗು ಬರುತ್ತದೆ. ನಿದ್ದೆ, ಸುಸ್ತು ಜಾಸ್ತಿ. ಮೂತ್ರಪಿಂಡಗಳು ಹೆಚ್ಚು ರಕ್ತ ಸೋಸತೊಡಗುತ್ತವೆ, ಆದ್ದರಿಂದ ಪದೇಪದೇ ಮೂತ್ರ. ಎದೆ ಬಿಗಿದುಕೊಂಡು ಮುಟ್ಟಿದರೆ ನೋಯುತ್ತದೆ.

ವಾಂತಿಗೆ ಮಾಡಬೇಕಾದ್ದು ಇಷ್ಟು. ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ. ಹಾಸಿಗೆಯಿಂದ ಏಳುವ ಮೊದಲೇ ಒಣ ರಸ್ಕೋ, ಮಂಡಕ್ಕಿಯೋ, ಹುರಿಗಡಲೆಯೋ ಸ್ವಲ್ಪ ಬಾಯಿಗೆ ಹಾಕಿಕೊಳ್ಳಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಒಗ್ಗರಣೆ ವಾಸನೆ ಆಗದಿದ್ದರೆ ಕೆಲವು ವಾರ ಅಡುಗೆ ಬೇರೆಯವರು ಮಾಡಲಿ. ಇದು ಕೇಳಿ ಪಡೆಯಬೇಕಾದ ಉಪಕಾರ ಅಲ್ಲ, ಮನೆಯವರ ಕೆಲಸವೇ. ನೀರು ಕೂಡ ನಿಲ್ಲದಿದ್ದರೆ, ಮೂತ್ರ ಗಾಢ ಹಳದಿಯಾಗಿ ಕಡಿಮೆಯಾದರೆ, ತೂಕ ಇಳಿಯುತ್ತಿದ್ದರೆ ಆಸ್ಪತ್ರೆಗೆ ಹೋಗಿ. ಅಲ್ಲಿ ಡ್ರಿಪ್ ಹಾಕಿ ಸರಿ ಮಾಡುತ್ತಾರೆ.

ಮೊದಲ ಭೇಟಿಯಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಎಚ್.ಐ.ವಿ., ಸಿಫಿಲಿಸ್, ಹೆಪಟೈಟಿಸ್ ಬಿ, ಮೂತ್ರ ಪರೀಕ್ಷೆ ಆಗಬೇಕು. ಥೈರಾಯ್ಡ್ ಯಾಕೆ ಎಂದರೆ, ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ಬಳಸುತ್ತದೆ, ಅದರ ಮಿದುಳು ಬೆಳೆಯಲು ಅದು ಬೇಕು. 11ರಿಂದ 13ನೇ ವಾರದಲ್ಲಿ ಎನ್.ಟಿ. ಸ್ಕ್ಯಾನ್. ಮಗುವಿನ ಕತ್ತಿನ ಹಿಂದಿನ ದ್ರವದ ದಪ್ಪ ಅಳೆದು, ರಕ್ತ ಪರೀಕ್ಷೆಯೊಂದಿಗೆ ಸೇರಿಸಿ ಡೌನ್ ಸಿಂಡ್ರೋಮ್‌ನಂಥ ತೊಂದರೆಯ ಸಾಧ್ಯತೆ ಅಂದಾಜು ಮಾಡುತ್ತಾರೆ. ಆ ವಾರ ದಾಟಿದರೆ ಈ ಅಳತೆ ಉಪಯೋಗಕ್ಕೆ ಬರುವುದಿಲ್ಲ.

ಈ ಹಂತದ ಎಚ್ಚರಿಕೆ ಒಂದನ್ನು ಇಲ್ಲೇ ಹೇಳಬೇಕು. ಕಿಬ್ಬೊಟ್ಟೆಯ ಒಂದೇ ಬದಿಗೆ ತೀವ್ರ ನೋವು, ತಲೆಸುತ್ತಿ ಬೀಳುವುದು, ರಕ್ತಸ್ರಾವ ಕಂಡರೆ ಗರ್ಭಕೋಶದ ಬದಲು ಅದರ ಪಕ್ಕದ ನಾಳದಲ್ಲೇ ಗರ್ಭ ಕಟ್ಟಿರಬಹುದು. ಆ ನಾಳ ಒಡೆದರೆ ತಾಯಿಯ ಜೀವಕ್ಕೇ ಅಪಾಯ. ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ.

ಹಂತ 3: 13ರಿಂದ 20ನೇ ವಾರ, ಸ್ವಲ್ಪ ನೆಮ್ಮದಿ

ಈಗ ಮಾಸು ಪೂರ್ತಿ ಕೆಲಸಕ್ಕೆ ಇಳಿದಿದೆ. ತಾಯಿಯ ರಕ್ತ, ಮಗುವಿನ ರಕ್ತ ಒಂದಕ್ಕೊಂದು ಬೆರೆಯುವುದಿಲ್ಲ. ಮಾಸಿನ ತೆಳು ಪೊರೆಯ ಆಚೆ ಈಚೆ ಹರಿಯುತ್ತ ಆಮ್ಲಜನಕ, ಸಕ್ಕರೆ, ಕಬ್ಬಿಣ ಕೊಟ್ಟು ಕಸ ಪಡೆಯುತ್ತವೆ. ಗರ್ಭಕೋಶ ಸೊಂಟದ ಮೂಳೆಗಳಿಂದ ಮೇಲಕ್ಕೆ ಏರಿರುವುದರಿಂದ ಮೂತ್ರದ ಅವಸರ ಕಡಿಮೆಯಾಗುತ್ತದೆ. ವಾಕರಿಕೆ ಹೋಗಿ ಬಯಕೆ ಶುರುವಾಗುತ್ತದೆ. ಹುಣಸೆಹಣ್ಣು, ಮಾವಿನಕಾಯಿಯ ಬಯಕೆ ತೀರಿಸಿಕೊಳ್ಳಿ. ಆದರೆ ಮಣ್ಣು, ಸುಣ್ಣ, ಬಳಪ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಅದು ಬರೀ ಬಯಕೆ ಅಲ್ಲ, ರಕ್ತಹೀನತೆಯ ಗುರುತು ಇರಬಹುದು. ಹಿಮೋಗ್ಲೋಬಿನ್ ನೋಡಿಸಿ.

ರಕ್ತದ ವಿಷಯ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಬಸಿರಿನಲ್ಲಿ ತಾಯಿಯ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಏರುತ್ತದೆ. ಹೃದಯ ನಿಮಿಷಕ್ಕೆ 10–20 ಬಡಿತ ಜಾಸ್ತಿ ಬಡಿಯುತ್ತದೆ. ಮಾಸಿಗೆ ಅಷ್ಟು ರಕ್ತ ಹರಿಯಬೇಕು, ಹೆರಿಗೆಯಲ್ಲಿ ರಕ್ತ ಹೋದರೂ ತಾಯಿ ತಡೆದುಕೊಳ್ಳಬೇಕು. ಆದರೆ ಈ ಏರಿಕೆಯಲ್ಲಿ ನೀರಿನ ಅಂಶ ಬೇಗ ಹೆಚ್ಚುತ್ತದೆ, ಕೆಂಪು ಕಣ ಅಷ್ಟು ಬೇಗ ಹೆಚ್ಚುವುದಿಲ್ಲ. ಸಾರಿಗೆ ನೀರು ಬೆರೆಸಿದರೆ ತೆಳುವಾಗುವಂತೆ ರಕ್ತವೂ ತೆಳುವಾಗುತ್ತದೆ. ಆದ್ದರಿಂದ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. 11 ಗ್ರಾಂಗಿಂತ ಕೆಳಗೆ ಹೋದರೆ ಅದು ಸಹಜ ಅಲ್ಲ, ರಕ್ತಹೀನತೆ. 7ಕ್ಕಿಂತ ಕಡಿಮೆ ಎಂದರೆ ತೀವ್ರ, ಆಸ್ಪತ್ರೆಯಲ್ಲೇ ಚಿಕಿತ್ಸೆ ಬೇಕು.

ಮೂರು ತಿಂಗಳು ತುಂಬಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ದಿನಕ್ಕೊಂದರಂತೆ ಕನಿಷ್ಠ 180 ದಿನ. ಬಾಣಂತನದಲ್ಲೂ ಇನ್ನೊಂದು 180 ದಿನ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ಮಗು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಎರಡೂ ಸುಳ್ಳು. ಕಪ್ಪಾಗುವುದು ಮಲ ಮಾತ್ರ, ಅದಕ್ಕೆ ಹೆದರಬೇಕಿಲ್ಲ. ಹೊಟ್ಟೆ ತೊಳೆಸಿದಂತಾದರೆ ರಾತ್ರಿ ಊಟದ ಒಂದು ಗಂಟೆಯ ನಂತರ ತಗೊಳ್ಳಿ. ನಿಂಬೆ ಶರಬತ್ತು ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಕಾಫಿ, ಟೀ, ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬೇಡಿ, ಒಂದು ಇನ್ನೊಂದನ್ನು ತಡೆಯುತ್ತದೆ. ಕ್ಯಾಲ್ಸಿಯಂ 500 ಮಿಲಿಗ್ರಾಂ ದಿನಕ್ಕೆರಡು, ತಿಂಡಿ ಆದ ಮೇಲೊಂದು, ಮಧ್ಯಾಹ್ನದ ಊಟ ಆದ ಮೇಲೊಂದು. ಕಬ್ಬಿಣ ರಾತ್ರಿಗೆ. ಹೀಗೆ ಹೊತ್ತು ಹಂಚಿಕೊಂಡರೆ ಮರೆಯುವುದಿಲ್ಲ. ಜಂತುಹುಳುವಿನ ಮಾತ್ರೆಯನ್ನೂ ಮೂರು ತಿಂಗಳ ನಂತರ ಒಂದು ಸಲ ಕೊಡುತ್ತಾರೆ. ಹುಳು ರಕ್ತ ಕುಡಿಯುತ್ತಿದ್ದರೆ ಎಷ್ಟು ಕಬ್ಬಿಣ ತಿಂದೂ ಪ್ರಯೋಜನ ಇಲ್ಲ, ಅಲ್ವಾ?

ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದು ಎರಡು, ನಡುವೆ ನಾಲ್ಕು ವಾರ ಅಂತರ. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷದೊಳಗೆ ಮತ್ತೆ ಬಸಿರಾಗಿದ್ದರೆ ಒಂದೇ ಸಾಕು. ತಾಯಿಯ ರಕ್ತದಲ್ಲಿ ಹುಟ್ಟಿದ ರಕ್ಷಣೆ ಮಾಸಿನ ಮೂಲಕ ಮಗುವಿಗೂ ಸಿಗುತ್ತದೆ. ಒಂದು ಕಾಲದಲ್ಲಿ ಹುಟ್ಟಿದ ವಾರದೊಳಗೆ ಮಕ್ಕಳನ್ನು ಕೊಲ್ಲುತ್ತಿದ್ದ ಈ ರೋಗ ಭಾರತದಲ್ಲಿ ಬಾಣಂತಿ ಮತ್ತು ಹಸುಗೂಸುಗಳ ಮಟ್ಟಿಗೆ ನಿರ್ಮೂಲನೆಯಾಗಿದೆ ಎಂದು 2015ರಲ್ಲಿ ಘೋಷಣೆಯಾಯಿತು.

18ರಿಂದ 20ನೇ ವಾರದಲ್ಲಿ ಬರುವುದು ಅನಾಮಲಿ ಸ್ಕ್ಯಾನ್. ಇಡೀ ಬಸಿರಿನಲ್ಲಿ ಒಂದೇ ಸ್ಕ್ಯಾನ್ ಮಾಡಿಸಲು ಆಗುವುದು ಎಂದಾದರೆ ಇದನ್ನೇ ಮಾಡಿಸಿ. ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ಮಿದುಳು, ಮೂತ್ರಪಿಂಡ, ತುಟಿ, ಕೈಕಾಲು, ಮಾಸು ಕೂತಿರುವ ಜಾಗ ಎಲ್ಲ ನೋಡುತ್ತಾರೆ. ಮಾಸು ಕೆಳಗಿದೆ ಎಂದರೆ ಈಗಲೇ ಚಿಂತೆ ಬೇಡ. ಗರ್ಭಕೋಶ ಬೆಳೆದಂತೆ ಬಹಳಷ್ಟು ಜನರಲ್ಲಿ ಅದು ಮೇಲಕ್ಕೆ ಸರಿಯುತ್ತದೆ. ಕೊನೆಯ ತಿಂಗಳುಗಳಲ್ಲಿ ಮತ್ತೆ ನೋಡಿಸಬೇಕು. ಗಂಡೋ ಹೆಣ್ಣೋ ಎಂದು ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಆ ಕಾಯ್ದೆ ಬಂದಿದ್ದು ಹೆಣ್ಣುಮಕ್ಕಳನ್ನು ಹುಟ್ಟುವ ಮೊದಲೇ ಕೊಲ್ಲುತ್ತಿದ್ದೆವು ಎಂಬ ಕಾರಣಕ್ಕೆ.

20ನೇ ವಾರಕ್ಕೆ ಮಗು ಸುಮಾರು 300 ಗ್ರಾಂ. ಗರ್ಭಕೋಶದ ಮೇಲಂಚು ತಾಯಿಯ ಹೊಕ್ಕುಳಿನ ಮಟ್ಟಕ್ಕೆ ಬಂದಿರುತ್ತದೆ. ಚೊಚ್ಚಲ ಬಸಿರಿಯರಿಗೆ 18–20ನೇ ವಾರದಲ್ಲಿ, ಎರಡನೇ ಸಲದವರಿಗೆ ಒಂದೆರಡು ವಾರ ಮೊದಲೇ ಮಗುವಿನ ಚಲನೆ ತಿಳಿಯುತ್ತದೆ. ಮೊದಮೊದಲು ಗ್ಯಾಸ್ ಆಡಿದಂತೆ ಅನಿಸುತ್ತದೆ. ಮಗು ಅದಕ್ಕೂ ಎಷ್ಟೋ ವಾರ ಮೊದಲಿನಿಂದ ಅಲುಗಾಡುತ್ತಲೇ ಇರುತ್ತದೆ, ತಾಯಿಗೆ ತಟ್ಟುವಷ್ಟು ಬಲ ಈಗ ಬಂದಿದೆ ಅಷ್ಟೆ.

ಹಂತ 4: 21ರಿಂದ 28ನೇ ವಾರ, ಮಗು ಕೇಳತೊಡಗುತ್ತದೆ

24ನೇ ವಾರಕ್ಕೆ ಸುಮಾರು 600 ಗ್ರಾಂ, 28ಕ್ಕೆ ಒಂದು ಕಿಲೋ. 25–26ನೇ ವಾರದ ಹೊತ್ತಿಗೆ ಶಬ್ದಕ್ಕೆ ಮಗು ಬೆಚ್ಚುತ್ತದೆ, ಹೃದಯ ಬಡಿತ ಬದಲಾಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಕೇಳುವುದು ಅಮ್ಮನ ದನಿ. ಮುಚ್ಚಿದ್ದ ರೆಪ್ಪೆ ತೆರೆಯುತ್ತದೆ. ಮಗು ಸುತ್ತಲಿನ ನೀರನ್ನು ನುಂಗುತ್ತದೆ, ಮೂತ್ರ ಮಾಡುತ್ತದೆ. ಈ ಹೊತ್ತಿಗೆ ಗರ್ಭದ ನೀರಿನ ಬಹುಪಾಲು ಅದೇ. ಸ್ಕ್ಯಾನ್ ವರದಿಯಲ್ಲಿ ನೀರು ಕಡಿಮೆ ಎಂದು ಬಂದರೆ ವೈದ್ಯರು ಮಗುವಿನ ಮೂತ್ರಪಿಂಡವನ್ನೂ ಮಾಸಿನ ರಕ್ತದ ಹರಿವನ್ನೂ ನೋಡುವುದು ಇದಕ್ಕೇ.

ಮಗುವಿಗೆ ಈಗ ಹೊತ್ತು ಹೊತ್ತಿಗೂ ಸಕ್ಕರೆ ಬೇಕು. ಅದಕ್ಕಾಗಿ ಮಾಸಿನ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸವನ್ನು ತುಸು ಅಡ್ಡಗಟ್ಟುತ್ತವೆ. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚು ಹೊತ್ತು ಉಳಿದರೆ ಮಗುವಿಗೆ ಸಿಗುತ್ತದೆ. ಬಹಳ ಹೆಂಗಸರ ದೇಹ ಹೆಚ್ಚು ಇನ್ಸುಲಿನ್ ತಯಾರಿಸಿ ಸರಿದೂಗಿಸುತ್ತದೆ. ಆಗದವರಿಗೆ ಬಸಿರಿನ ಸಕ್ಕರೆ ಕಾಯಿಲೆ. ಅದಕ್ಕೇ ಮೊದಲ ಭೇಟಿಯಲ್ಲಿ ಒಂದು ಸಲ, 24–28 ವಾರದಲ್ಲಿ ಇನ್ನೊಂದು ಸಲ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇದೆ ಎಂದು ಲೆಕ್ಕ. ಸರ್ಕಾರಿ ಪದ್ಧತಿಯಲ್ಲಿ ಇದಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ. ಬಹಳ ಜನರಿಗೆ ಊಟದ ಬದಲಾವಣೆ, ನಡಿಗೆಯಲ್ಲೇ ಹತೋಟಿಗೆ ಬರುತ್ತದೆ.

ಊಟದ ಮಾತು ಹೇಳಲು ಇದೇ ಸರಿಯಾದ ಜಾಗ. "ಇಬ್ಬರ ಊಟ ಮಾಡು" ಎಂಬುದೂ ಸರಿಯಲ್ಲ, "ಕಡಿಮೆ ತಿನ್ನು, ಮಗು ಸಣ್ಣಗಿದ್ದರೆ ಹೆರಿಗೆ ಸಲೀಸು" ಎಂಬುದಂತೂ ಅಪಾಯ. ಬೇಕಿರುವುದು ದಿನಕ್ಕೆ ಸುಮಾರು 350 ಕ್ಯಾಲರಿ ಜಾಸ್ತಿ, ಅಂದರೆ ಒಂದು ಸಣ್ಣ ಊಟದಷ್ಟು. ಅದು ಅನ್ನದಲ್ಲೇ ಬೇಡ. ಬೇಳೆ, ಕಾಳು, ಮೊಟ್ಟೆ, ಮೊಸರು, ಸೊಪ್ಪು, ಮೀನು ಇರಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ರೊಟ್ಟಿ, ಅಂಬಲಿ ಯಾವುದಾದರೂ ಸರಿ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ನಮ್ಮ ಅಂಗನವಾಡಿಗಳಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಇದೆ. ಸಂಕೋಚ ಬೇಡ, ಹೋಗಿ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದಿಲ್ಲ. ಬಣ್ಣ ಬರುವುದು ಅಪ್ಪ ಅಮ್ಮನಿಂದ. ಅದೇ ದುಡ್ಡಿಗೆ ಮೊಟ್ಟೆ, ಹಣ್ಣು ತಂದರೆ ಮಗುವಿಗೆ ನಿಜವಾದ ಲಾಭ.

ಸರಿಯಾದ ತೂಕದ ತಾಯಿ ಒಟ್ಟು 10–12 ಕಿಲೋ ಏರುವುದು ನಮ್ಮಲ್ಲಿ ಸಾಮಾನ್ಯ. ಬರೀ ಕೊಬ್ಬು ಎಂದುಕೊಳ್ಳಬೇಡಿ. ಮಗು ಮೂರು ಕಿಲೋ, ಮಾಸು ಅರ್ಧ ಕಿಲೋ, ನೀರು ಮುಕ್ಕಾಲು ಕಿಲೋ, ಗರ್ಭಕೋಶವೇ ಒಂದು ಕಿಲೋ, ಹೆಚ್ಚಾದ ರಕ್ತ ಒಂದೂವರೆ ಕಿಲೋ. ಉಳಿದಿದ್ದು ಎದೆ, ದೇಹದ ನೀರು, ಮುಂದೆ ಹಾಲೂಡಿಸಲು ಕೂಡಿಟ್ಟ ಕೊಬ್ಬು.

ಈ ವಾರಗಳಲ್ಲಿ ಹೊಕ್ಕುಳಿನ ಕೆಳಗೆ ಕಪ್ಪು ಗೆರೆ, ಕೆನ್ನೆಯ ಮೇಲೆ ಬಂಗು, ಹೊಟ್ಟೆ ತೊಡೆಯ ಮೇಲೆ ಬಿರುಕು ಗೆರೆ ಕಾಣುತ್ತವೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಬಂಗು, ಕಪ್ಪು ಗೆರೆ ಹೆರಿಗೆಯ ನಂತರ ತಿಳಿಯಾಗುತ್ತವೆ. ಆರ್.ಎಚ್. ನೆಗೆಟಿವ್ ರಕ್ತದ ತಾಯಿಗೆ, ಗಂಡ ಪಾಸಿಟಿವ್ ಆಗಿದ್ದರೆ, ತಾಯಿಯ ರಕ್ತ ಮಗುವಿನ ರಕ್ತಕ್ಕೆ ಎದುರು ನಿಲ್ಲದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ 28ನೇ ವಾರದಲ್ಲಿ ತಪ್ಪದೆ ಕೇಳಿ.

ಇಲ್ಲಿ ನಿಲ್ಲಿ: ಯಾವ ಲಕ್ಷಣಕ್ಕೆ ಕಾಯಬಾರದು

20 ವಾರದ ನಂತರ ಬಿ.ಪಿ. 140/90 ಮುಟ್ಟಿದರೆ ಅದನ್ನು ಹಗುರವಾಗಿ ತಗೊಳ್ಳಬೇಡಿ. ಇದು ಬಸಿರಿನ ನಂಜಿನ (ಪ್ರಿ-ಎಕ್ಲಾಂಪ್ಸಿಯಾ) ಶುರು ಇರಬಹುದು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿ ಬೆಳಗ್ಗೆ ಇಳಿಯುವುದು ಸಹಜ. ಮುಖ, ಕೈ ಊದಿದರೆ, ಬಳೆ ಉಂಗುರ ಬಿಗಿಯಾದರೆ, ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಇದ್ದರೆ ಸಹಜ ಅಲ್ಲ. ತಡಮಾಡಿದರೆ ಫಿಟ್ಸ್ ಬರಬಹುದು.

ಇವುಗಳ ಜೊತೆಗೆ: ಯಾವ ತಿಂಗಳಲ್ಲೇ ಆಗಲಿ ರಕ್ತಸ್ರಾವ. ನೀರು ಸೋರುವುದು. ಜ್ವರ. ಬಿಡದ ಹೊಟ್ಟೆನೋವು. ಮಲಗಿದ್ದಾಗಲೂ ಉಸಿರು ಕಟ್ಟುವುದು. ಮಗುವಿನ ಚಲನೆ ಕಡಿಮೆಯಾಗುವುದು. ಇದರಲ್ಲಿ ಒಂದಿದ್ದರೂ ಅದೇ ದಿನ, ಅದೇ ಹೊತ್ತು ಹೊರಡಿ. 108ಕ್ಕೆ ಫೋನ್ ಮಾಡಿ. ಅತ್ತೆಯನ್ನು ಕೇಳಿ, ಗಂಡ ಬರಲಿ, ಅಮಾವಾಸ್ಯೆ ಕಳೆಯಲಿ ಎನ್ನುವುದಕ್ಕೆ ಇಲ್ಲಿ ಸಮಯ ಇಲ್ಲ.

ಹಂತ 5: 29ರಿಂದ 36ನೇ ವಾರ, ಮಗು ಗಂಟು ಕಟ್ಟಿಕೊಳ್ಳುವ ಕಾಲ

32ನೇ ವಾರಕ್ಕೆ ಸುಮಾರು 1.7 ಕಿಲೋ, 36ಕ್ಕೆ ಎರಡೂವರೆ ಕಿಲೋ ಆಸುಪಾಸು. ಹೊರಗಿನ ಬದುಕಿಗೆ ಬೇಕಾದ್ದನ್ನೆಲ್ಲ ಮಗು ಈಗ ಕೂಡಿಡುತ್ತದೆ. ಚರ್ಮದ ಕೆಳಗೆ ಕೊಬ್ಬು. ಮೂಳೆಗೆ ಕ್ಯಾಲ್ಸಿಯಂ. ಹುಟ್ಟಿದ ಮೇಲೆ ಮೊದಲ ತಿಂಗಳುಗಳಿಗೆ ಬೇಕಾದ ಕಬ್ಬಿಣವನ್ನೂ ತಾಯಿಯಿಂದ ಈಗಲೇ ತಗೊಳ್ಳುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ, ಈ ಗಂಟಿನಿಂದಲೇ ಅದು ಕಾಲ ಹಾಕಬೇಕು. ತಾಯಿಯ ರೋಗನಿರೋಧಕ ಶಕ್ತಿಯೂ ಹೆಚ್ಚಾಗಿ ಈ ಕೊನೆಯ ವಾರಗಳಲ್ಲೇ ದಾಟಿ ಬರುತ್ತದೆ.

ಶ್ವಾಸಕೋಶದೊಳಗಿನ ಗಾಳಿಗೂಡುಗಳು ಮುದುಡದಂತೆ ನೋಡಿಕೊಳ್ಳುವ ಜಿಡ್ಡಿನಂಥ ವಸ್ತು 34–35ನೇ ವಾರದ ಹೊತ್ತಿಗೆ ಸಾಕಷ್ಟು ಆಗುತ್ತದೆ. ಅದಕ್ಕೆ ಮೊದಲೇ ನೋವು ಶುರುವಾದರೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಆ ಸೂಜಿ ಮಗುವಿನ ಉಸಿರಿಗಾಗಿ, ಬೇಡ ಎನ್ನಬೇಡಿ. ಏಳು ತಿಂಗಳ ಮಗು ಬದುಕುತ್ತದೆ, ಎಂಟು ತಿಂಗಳದು ಬದುಕುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದು ತಪ್ಪು. ಒಳಗೆ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ.

ತಾಯಿಗೆ ಈಗ ಭಾರ. 36ನೇ ವಾರಕ್ಕೆ ಗರ್ಭಕೋಶದ ಮೇಲಂಚು ಎದೆಗೂಡಿನವರೆಗೆ ಏರಿರುತ್ತದೆ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ. ಮೆಟ್ಟಿಲು ಹತ್ತಿದರೆ ಏದುಸಿರು. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು. 28 ವಾರದ ನಂತರ ಮಗ್ಗುಲಾಗಿಯೇ ಮಲಗಿ, ಎಡವೋ ಬಲವೋ. ಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಂಡರೆ ಸೊಂಟಕ್ಕೆ ಹಾಯಾಗಿರುತ್ತದೆ.

ಮಗುವಿನ ಚಲನೆ ಗಮನಿಸುವುದು ಈಗ ದಿನದ ಕೆಲಸ. ಪ್ರತಿ ಮಗುವಿಗೂ ತನ್ನದೇ ರೀತಿ ಇರುತ್ತದೆ. ಅನುಮಾನ ಬಂದರೆ ಏನಾದರೂ ತಿಂದು, ಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ ಆಸ್ಪತ್ರೆಗೆ ಹೋಗಿ. "ದಿನ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತದೆ" ಎಂಬುದನ್ನು ನಂಬಬೇಡಿ. ಜಾಗ ಕಡಿಮೆಯಾಗಿ ಒದೆತದ ರೀತಿ ಬದಲಾಗಬಹುದು, ಚಲನೆ ನಿಲ್ಲುವುದಿಲ್ಲ.

ತಪಾಸಣೆ ಕನಿಷ್ಠ ನಾಲ್ಕು ಸಲ ಎಂಬುದು ಸರ್ಕಾರದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಸಲ ಎನ್ನುತ್ತಿದೆ. ಆದಷ್ಟೂ ಎಂಟರ ಕಡೆಗೇ ಇರಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಗರ್ಭಿಣಿಯರನ್ನು ಉಚಿತವಾಗಿ ನೋಡುತ್ತಾರೆ. ಸೀಮಂತ ಮುಗಿಸಿ ತವರಿಗೆ ಹೋಗುವವರು ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ವರದಿ ಜೊತೆಗೇ ಒಯ್ಯಿರಿ. ಆ ಊರಿನ ಆಶಾ ಕಾರ್ಯಕರ್ತೆಗೆ ಹೋದ ವಾರವೇ ತಿಳಿಸಿ. ಊರು ಬದಲಾಗುವಾಗಲೇ ತಪಾಸಣೆ ತಪ್ಪುವುದು ಜಾಸ್ತಿ, ಬಿ.ಪಿ. ಏರುವ ಕಾಲವೂ ಅದೇ.

ಹಂತ 6: 37ರಿಂದ 40ನೇ ವಾರ, ದಿನ ತುಂಬುವುದು

ಮಗುವಿನ ತಲೆ ಸೊಂಟದೊಳಗೆ ಇಳಿದಾಗ ಹೊಟ್ಟೆ ಜಗ್ಗಿದಂತೆ ಕಾಣುತ್ತದೆ. ಉಸಿರು ಸಲೀಸಾಗುತ್ತದೆ, ಮೂತ್ರದ ಅವಸರ ಮರಳುತ್ತದೆ.

ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುವವರಿಗೆ ಒಂದು ಮಾತು. 35ನೇ ವಾರದಲ್ಲಿ ಮಗುವಿನ ಮಿದುಳಿನ ತೂಕ ದಿನ ತುಂಬಿದಾಗ ಇರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಕೊನೆಯ ವಾರಗಳಲ್ಲೂ ಅಷ್ಟು ಬೆಳೆಯಲಿಕ್ಕಿರುತ್ತದೆ. ವೈದ್ಯಕೀಯ ಕಾರಣ ಇಲ್ಲದೆ 39 ವಾರಕ್ಕೆ ಮೊದಲು ಮಗುವನ್ನು ಹೊರಗೆ ತೆಗೆಸಬೇಡಿ, ನಕ್ಷತ್ರ ಎಷ್ಟೇ ಒಳ್ಳೆಯದಿರಲಿ.

ಸುಳ್ಳು ನೋವು ಬಂದು ಹೋಗುತ್ತದೆ, ನಡೆದಾಡಿದರೆ ಕಡಿಮೆಯಾಗುತ್ತದೆ. ನಿಜವಾದ ಹೆರಿಗೆ ನೋವು ಸೊಂಟದಿಂದ ಮುಂದಕ್ಕೆ ಬರುತ್ತದೆ, ಲೆಕ್ಕಕ್ಕೆ ಸಿಗುವಂತೆ ಬರುತ್ತದೆ, ಬರಬರುತ್ತ ಹತ್ತಿರವಾಗುತ್ತದೆ. ರಕ್ತ ಬೆರೆತ ಲೋಳೆ ಕಾಣಬಹುದು. ನೀರು ಹೋದರೆ ನೋವಿಲ್ಲದಿದ್ದರೂ ಹೊರಡಿ. ನೀರು ಹಸಿರು ಬಣ್ಣಕ್ಕಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ಇನ್ನೂ ಬೇಗ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಮನೆಗೆ ಬಿಡಲು ನಗು-ಮಗು ವಾಹನ ಇದೆ. 41 ವಾರ ದಾಟಿದರೂ ನೋವು ಬರದಿದ್ದರೆ ಮನೆಯಲ್ಲಿ ಕಾಯಬೇಡಿ. ಮಾಸಿನ ಶಕ್ತಿ ಕುಗ್ಗತೊಡಗಬಹುದು.

ಹಂತ 7: ಹೆರಿಗೆಯ ಗಳಿಗೆ ಮತ್ತು ಆಮೇಲಿನ ಆರು ವಾರ

ಇಷ್ಟು ತಿಂಗಳ ಬದಲಾವಣೆಗಳಲ್ಲಿ ಅತಿ ವೇಗದ್ದು ಇದು. ಗರ್ಭದಲ್ಲಿ ಮಗುವಿನ ಶ್ವಾಸಕೋಶದಲ್ಲಿ ಇದ್ದದ್ದು ದ್ರವ. ರಕ್ತ ಹೆಚ್ಚಾಗಿ ಶ್ವಾಸಕೋಶದ ಕಡೆ ಹೋಗದೆ, ಹೃದಯದ ಎರಡು ಮೇಲ್ಕೋಣೆಗಳ ನಡುವಿನ ಕಿಂಡಿಯಿಂದ ದಾಟಿ ಹೋಗುತ್ತಿತ್ತು. ಮೊದಲ ಉಸಿರಿಗೆ ಗಾಳಿ ತುಂಬುತ್ತದೆ, ಶ್ವಾಸಕೋಶದ ರಕ್ತನಾಳ ತೆರೆದುಕೊಳ್ಳುತ್ತದೆ, ಕಿಂಡಿಯ ಕದ ಒತ್ತಿ ಮುಚ್ಚುತ್ತದೆ. ಮಗು ಚೆನ್ನಾಗಿದ್ದರೆ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸುತ್ತಾರೆ. ಮಾಸಿನಲ್ಲಿ ಉಳಿದ ರಕ್ತ, ಅದರ ಕಬ್ಬಿಣ ಮಗುವಿಗೆ ಸೇರಲಿ ಎಂದು.

ಒಂದು ಗಂಟೆಯೊಳಗೆ ಎದೆಗೆ ಹಾಕಿ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು, ಹರಳೆಣ್ಣೆ ಯಾವುದೂ ಬೇಡ. ಮಗು ಚಪ್ಪರಿಸಿದಾಗ ತಾಯಿಯ ದೇಹದಲ್ಲಿ ಬಿಡುಗಡೆಯಾಗುವ ಹಾರ್ಮೋನು ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತಸ್ರಾವ ಕಡಿಮೆ ಮಾಡುತ್ತದೆ. ಹಾಲೂಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು ಅದಕ್ಕೇ. ಮೊದಲ ಸ್ನಾನ 24 ಗಂಟೆ ಕಾಯಲಿ. ಮೊದಲ ದಿನಗಳಲ್ಲಿ ಮಗು ಸ್ವಲ್ಪ ತೂಕ ಕಳೆದುಕೊಂಡು ಎರಡು ವಾರದೊಳಗೆ ಮರಳಿ ಪಡೆಯುತ್ತದೆ. ನಮ್ಮಲ್ಲಿ ಎರಡೂವರೆ ಕಿಲೋಗಿಂತ ಕಡಿಮೆ ಹುಟ್ಟಿದ ಮಗುವಿಗೆ ಹೆಚ್ಚಿನ ಆರೈಕೆ ಬೇಕು. ಅಮ್ಮನ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿಕೊಳ್ಳುವುದು ಅದಕ್ಕೆ ಒಳ್ಳೆಯ ಬಿಸಿ.

ಒಂದು ಕಿಲೋ ಆಗಿದ್ದ ಗರ್ಭಕೋಶ ಆರು ವಾರದಲ್ಲಿ ಮತ್ತೆ 60–70 ಗ್ರಾಂಗೆ ಇಳಿಯುತ್ತದೆ. ಮೊದಲ ದಿನ ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ನಂತರದ ದಿನಗಳಲ್ಲಿ ಜ್ವರ, ದುರ್ವಾಸನೆ, ಕಾಲಿನ ಒಂದೇ ಕಡೆ ಬಾವು ನೋವು ಇದ್ದರೆ ಆಸ್ಪತ್ರೆಗೆ ಮರಳಿ. ಬಿ.ಪಿ.ಯ ಫಿಟ್ಸ್ ಹೆರಿಗೆಯ ನಂತರವೂ ಬರಬಹುದು. ಮೊದಲ ವಾರ ಅಳು ಬರುವುದು, ಮನಸ್ಸು ಕುಗ್ಗುವುದು ಬಹಳ ತಾಯಂದಿರಿಗೆ ಆಗುತ್ತದೆ. ಎರಡು ವಾರ ಮೀರಿದರೆ, ಮಗು ಬೇಡ, ಬದುಕು ಬೇಡ ಅನಿಸಿದರೆ ಅದು ಕಾಯಿಲೆ. ದೃಷ್ಟಿ ತೆಗೆದು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ಬಾಣಂತಿಗೆ ನೀರು, ಸೊಪ್ಪು, ಹಣ್ಣು ಕೊಡದೆ ಪಥ್ಯ ಮಾಡಿಸುವುದೂ ಬೇಡ. ಹಾಲೂಡಿಸುವ ತಾಯಿಗೆ ಬಸಿರಿಗಿಂತ ಹೆಚ್ಚು ಊಟ ಬೇಕು.

ಆರನೇ ವಾರದಲ್ಲಿ ಮಗುವಿನ ಲಸಿಕೆಗೆ ಹೋದ ದಿನವೇ ತಾಯಿಯೂ ತೋರಿಸಿಕೊಳ್ಳಲಿ. ಬಿ.ಪಿ., ಹಿಮೋಗ್ಲೋಬಿನ್ ನೋಡಿಸಿ, ಮುಂದಿನ ಮಗುವಿನ ಅಂತರಕ್ಕೆ ಏನು ಬಳಸಬೇಕೆಂದು ಕೇಳಿ. ಹಾಲೂಡಿಸುವಾಗಲೂ, ಮುಟ್ಟಾಗುವ ಮೊದಲೇ, ಮತ್ತೆ ಗರ್ಭ ನಿಲ್ಲಬಹುದು. ಬಸಿರಿನಲ್ಲಿ ಸಕ್ಕರೆ ಬಂದಿದ್ದವರು ಅಂದೇ ಗ್ಲೂಕೋಸ್ ಪರೀಕ್ಷೆ ಮತ್ತೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ಸಕ್ಕರೆ ನೋಡಿಸುತ್ತಿರಿ. ಅವರಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಕಬ್ಬಿಣದ ಮಾತ್ರೆ ಇನ್ನೂ ನಾಲ್ಕೂವರೆ ತಿಂಗಳು ಬಾಕಿ ಇದೆ. ಅಂದಿನ ಪೊಟ್ಟಣವನ್ನು ಕೇಳಿ ತಗೊಂಡೇ ಮನೆಗೆ ಬನ್ನಿ.